ಹಳೆಯ ಯುರೋಪಿಯನ್ ಕಾರು ಕೊಳ್ಳುವ ಮುನ್ನ: ಎಂಜಿನ್ ಆಯ್ಕೆಗೆ ಒಂದು ಸಮಗ್ರ ಮಾರ್ಗದರ್ಶಿ

ಕೈಯಲ್ಲಿ ಐದಾರು ಲಕ್ಷ ಇದೆ. ಹೊಸದೊಂದು ಚಿಕ್ಕ ಕಾರು ತಗೊಳ್ಳೋದಾ, ಅದೇ ದುಡ್ಡಿಗೆ ಹಳೆಯ ರ‍್ಯಾಪಿಡ್, ವೆಂಟೊ, ಆಕ್ಟೇವಿಯಾ ಥರದ ಸ್ಕೋಡಾ, ಫೋಕ್ಸ್‌ವ್ಯಾಗನ್ ಕಾರು ನೋಡೋದಾ? ತುಮಕೂರಿನಲ್ಲಿ ನನ್ನ ನೆಂಟರು, ಸ್ನೇಹಿತರಲ್ಲಿ ಯಾರಾದರೊಬ್ಬರು ಇದನ್ನು ಕೇಳುತ್ತಲೇ ಇರುತ್ತಾರೆ. ಆಸೆ ಸಹಜವೇ. ಬಾಗಿಲು ಹಾಕಿದರೆ ಧಪ್ ಅಂತ ಗಟ್ಟಿ ಸದ್ದು, ಹೆದ್ದಾರಿಯಲ್ಲಿ ನೂರರ ವೇಗದಲ್ಲೂ ಅಲುಗದ ಗಾಡಿ, ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ ನೆಮ್ಮದಿಯಾಗಿ ಕೂರುವಷ್ಟು ಜಾಗ.

ಆದರೆ ಹೆಸರು ಒಂದೇ ಇದ್ದರೂ ಒಳಗಿನ ಕಥೆ ಬೇರೆ ಬೇರೆ. ಸ್ಕೋಡಾ ರ‍್ಯಾಪಿಡ್ ಅಂದರೆ 1.6 ಲೀಟರಿನ ಪೆಟ್ರೋಲ್ ಎಂಜಿನ್ ಇರಬಹುದು, 1.6 ಡೀಸೆಲ್ ಇರಬಹುದು, 1.5 ಡೀಸೆಲ್ ಇರಬಹುದು, 2020ರ ನಂತರದ್ದಾದರೆ 1.0 ಟರ್ಬೊ ಪೆಟ್ರೋಲ್ ಇರಬಹುದು. ಒಂದಕ್ಕೆ ಬರುವ ಕಾಯಿಲೆ ಇನ್ನೊಂದಕ್ಕೆ ಬರುವುದಿಲ್ಲ, ಖರ್ಚೂ ಅಷ್ಟೇ. ಹಾಗಾಗಿ ಯಾವ ಕಾರು ಅಂತ ಕೇಳಿದವರಿಗೆಲ್ಲ ನಾನು ಮೊದಲು ಯಾವ ಎಂಜಿನ್ ಅಂತಲೇ ವಾಪಸ್ ಕೇಳುತ್ತೇನೆ.

ಇದನ್ನು ಕಲಿತದ್ದು ನಮ್ಮ ಭಾವನ ಗಾಡಿಯಿಂದ. ಅಕ್ಕನ ಗಂಡ ತಿಪಟೂರಿನವರು. ಬೆಂಗಳೂರಿನಿಂದ ಒಂದು ಡೀಸೆಲ್ ಸೆಡಾನ್ ತಂದರು. ಲೆದರ್ ಸೀಟು, ಹೊಚ್ಚ ಹೊಸ ಟೈರು, ಮೈಮೇಲೆ ಒಂದು ಗೀರಿಲ್ಲ. ಓಡಿದ್ದು 1,10,000 ಕಿ.ಮೀ. ಜೊತೆಗೆ ಹೋಗಿದ್ದವನು ನಾನೇ, ಓಡಿಸಿ ನೋಡಿ ಚೆನ್ನಾಗಿದೆ ಅಂದವನೂ ನಾನೇ. ಮೂರನೇ ತಿಂಗಳು ದಾಬಸ್‌ಪೇಟೆ ಹತ್ತಿರದಿಂದ ಫೋನ್ ಬಂತು. "ಓಡ್ತಾ ಓಡ್ತಾನೇ ಆಫ್ ಆಗೋಯ್ತು ಕಣಯ್ಯ. ಸೆಲ್ಫ್ ಹೊಡೆದ್ರೆ ಬರೀ ಗಿರ್ರ್ ಅಂತ ತಿರುಗುತ್ತೆ, ಹತ್ತಿಕೊಳ್ತಿಲ್ಲ." ಇನ್ನೊಂದು ಸಲ ಸೆಲ್ಫ್ ಹೊಡೀಬೇಡಿ ಭಾವ ಅಂದೆ. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಗ್ಯಾರೇಜಿನಲ್ಲಿ ಕವರ್ ಬಿಚ್ಚಿದಾಗ, ಪಿಸ್ಟನ್ನೂ ವಾಲ್ವೂ ಒಂದೇ ತಾಳಕ್ಕೆ ಆಡುವಂತೆ ಹಿಡಿದಿಡುವ ಟೈಮಿಂಗ್ ಬೆಲ್ಟ್ ಹಲ್ಲು ಉದುರಿದ ಬಾಚಣಿಗೆ ಥರ ಕೈಗೆ ಬಂತು. ಪಿಸ್ಟನ್ ಹೋಗಿ ವಾಲ್ವುಗಳಿಗೆ ಹೊಡೆದು ಅವು ಬಗ್ಗಿದ್ದವು. ಹೆಡ್ ಇಳಿಸಬೇಕಾಯಿತು. ಬೆಲ್ಟ್ ಯಾವಾಗ ಬದಲಾಯಿಸಿದ್ದು ಅನ್ನುವ ಒಂದೇ ಒಂದು ಪ್ರಶ್ನೆ ನಾನು ಕೇಳಿದ್ದರೆ ಅಕ್ಕನ ಮನೆಯ ಅಷ್ಟು ದುಡ್ಡು ಉಳಿಯುತ್ತಿತ್ತು.

ಮೊದಲ ಹೆಜ್ಜೆ: ನಿಮ್ಮ ಓಡಾಟ ಬರೆಯಿರಿ

ಒಂದು ತಿಂಗಳಿಗೆ ಎಷ್ಟು ಕಿ.ಮೀ., ಯಾವ ರಸ್ತೆ, ಎಷ್ಟು ಜನ ಅನ್ನುವುದನ್ನು ಪೇಪರಿನ ಮೇಲೆ ಬರೆಯಿರಿ. ಮನಸ್ಸಿನಲ್ಲೇ ಲೆಕ್ಕ ಹಾಕಿದರೆ ಎಲ್ಲರೂ ಜಾಸ್ತಿಯೇ ಹೇಳುತ್ತಾರೆ.

ಇಬ್ಬರನ್ನು ತಗೊಳ್ಳಿ. ಒಬ್ಬರು ಕ್ಯಾತ್ಸಂದ್ರದಲ್ಲಿದ್ದು ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು. ಹೋಗಿ ಬರೋಕೆ 140 ಕಿ.ಮೀ., ತಿಂಗಳಿಗೆ 25 ದಿನ ಅಂದರೆ ವರ್ಷಕ್ಕೆ 42,000 ಕಿ.ಮೀ. ಇನ್ನೊಬ್ಬರು ಬಟವಾಡಿಯಿಂದ ಮಕ್ಕಳನ್ನು ಶಾಲೆಗೆ ಬಿಟ್ಟು, ಬಿ.ಎಚ್. ರಸ್ತೆಯಲ್ಲಿರುವ ಅಂಗಡಿಗೆ ಹೋಗಿ, ತಿಂಗಳಿಗೊಮ್ಮೆ ಊರಿಗೆ ಹೋಗುವವರು. ವರ್ಷಕ್ಕೆ 6,000 ದಾಟುವುದಿಲ್ಲ. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಗಾಡಿ ಕೊಡುವುದು 14 ಕಿ.ಮೀ. ಅಂತಿಟ್ಟುಕೊಳ್ಳಿ. ಡೀಸೆಲ್ 90 ರೂಪಾಯಿ, ಕೊಡುವುದು 18 ಕಿ.ಮೀ. ಆಗ ಒಂದು ಕಿ.ಮೀ.ಗೆ ಪೆಟ್ರೋಲಿಗೆ ಏಳು ರೂಪಾಯಿ ಚಿಲ್ಲರೆ, ಡೀಸೆಲಿಗೆ ಐದು. ಮೊದಲನೆಯವರಿಗೆ ಡೀಸೆಲಿನಿಂದ ವರ್ಷಕ್ಕೆ ಸುಮಾರು 90,000 ಉಳಿಯುತ್ತದೆ. ಎರಡನೆಯವರಿಗೆ ಉಳಿಯುವುದು ಹದಿಮೂರು ಸಾವಿರ, ಅದು ಡೀಸೆಲ್ ಚಿಮ್ಮಿಸುವ ಒಂದೇ ಒಂದು ಇಂಜೆಕ್ಟರ್ ಕೈಕೊಟ್ಟರೂ ಹೋಗಿಬಿಡುತ್ತದೆ.

ದುಡ್ಡಿನ ಮಾತು ಬಿಟ್ಟರೂ, ಊರೊಳಗೆ ಎರಡು ಮೂರು ಕಿ.ಮೀ. ಓಡಿ ನಿಲ್ಲುವ ಡೀಸೆಲ್ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಹೊಗೆಯ ಒಂದು ಪಾಲನ್ನು ವಾಪಸ್ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿನಲ್ಲಿ, ಗಾಳಿ ಒಳಹೋಗುವ ಇನ್‌ಟೇಕ್ ದಾರಿಯಲ್ಲಿ ಮಸಿ ಕಟ್ಟುತ್ತದೆ. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇರುವ ಗಾಡಿಯಾದರೆ ಅದೂ ಕಟ್ಟಿಕೊಳ್ಳುತ್ತದೆ. ವರ್ಷಕ್ಕೆ ಹನ್ನೆರಡು ಹದಿನೈದು ಸಾವಿರ ಕಿ.ಮೀ. ಒಳಗೆ ಓಡಿಸುವವರಿಗೆ ನಾನು ಪೆಟ್ರೋಲ್ ಅಂತಲೇ ಹೇಳುತ್ತೇನೆ.

ಎರಡನೇ ಹೆಜ್ಜೆ: ರಿಪೇರಿ ಮಾಡುವವರನ್ನು ಮೊದಲು ಹುಡುಕಿ

ಗಾಡಿ ಹುಡುಕುವ ಮುಂಚೆ ಮೆಕ್ಯಾನಿಕ್ ಹುಡುಕಿ. ಶಿರಾಗೇಟ್ ಕಡೆಯೋ ಅಂತರಸನಹಳ್ಳಿ ಕಡೆಯೋ ನಿಮಗೆ ಗೊತ್ತಿರುವ ಗ್ಯಾರೇಜಿಗೆ ಹೋಗಿ, ಟೀ ಕುಡಿಯುತ್ತಾ ಎರಡೇ ಪ್ರಶ್ನೆ ಕೇಳಿ. ಈ ಎಂಜಿನ್ನಿಗೆ ಟೈಮಿಂಗ್ ಹಾಕುವ ಲಾಕಿಂಗ್ ಟೂಲ್ ನಿಮ್ಮ ಹತ್ತಿರ ಇದೆಯಾ? ಫೋಕ್ಸ್‌ವ್ಯಾಗನ್, ಸ್ಕೋಡಾಗಳ ಎಲ್ಲ ಮಾಡ್ಯೂಲ್ ಓದುವ ಸ್ಕ್ಯಾನರ್ ಇದೆಯಾ? ಎರಡೂ ಇಲ್ಲ ಅಂದರೆ ಆ ಎಂಜಿನ್ನಿನ ಪ್ರತಿ ದೊಡ್ಡ ಕೆಲಸಕ್ಕೂ ಬೆಂಗಳೂರಿಗೆ ಟೋ ಮಾಡಿಸಬೇಕು. ಬಿಡಿಭಾಗಕ್ಕಂತೂ ಜೆ.ಸಿ. ರಸ್ತೆ ಹೇಗೂ ತಪ್ಪಿದ್ದಲ್ಲ.

ಮೂರನೇ ಹೆಜ್ಜೆ: ಎಂಜಿನ್ನುಗಳ ಗುಣ, ದೋಷ

ಕಡಿಮೆ ಬಜೆಟ್ಟಿನಲ್ಲಿ ಡೀಸೆಲ್ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಫಿಯೆಟ್‌ನ 1.3 ಮಲ್ಟಿಜೆಟ್. ಲೀನಿಯಾ, ಪುಂಟೊ ಕಾರುಗಳಲ್ಲಿ ಬಂತು. ಇದೇ ಎಂಜಿನ್ ಮಾರುತಿ ಸ್ವಿಫ್ಟ್, ಡಿಜೈರ್‌ಗಳಲ್ಲಿ ಡಿಡಿಐಎಸ್ ಅನ್ನುವ ಹೆಸರಿನಲ್ಲಿ ಊರೂರು ಸುತ್ತಿದೆ, ಟಾಟಾ ವಿಸ್ಟಾದಲ್ಲೂ ಇತ್ತು. ಹಾಗಾಗಿ ಪಾವಗಡದಲ್ಲಿ ಕೆಟ್ಟು ನಿಂತರೂ ಬಿಚ್ಚಿ ಜೋಡಿಸಬಲ್ಲ ಕೈಗಳಿವೆ. ಬೆಲ್ಟ್ ಇಲ್ಲ, ಟೈಮಿಂಗ್ ಚೈನ್. ಆಯಿಲ್ ಸರಿಯಾಗಿ ಬದಲಾಯಿಸದಿದ್ದರೆ ಆ ಚೈನ್ ಸಡಿಲಾಗಿ ಸದ್ದು ಮಾಡುತ್ತದೆ. 2,000 ಆರ್‌ಪಿಎಂ ಒಳಗೆ ಪಿಕಪ್ ಮಂದ. ಫಿಯೆಟ್ ಹೊಸ ಕಾರು ಈಗ ಇಲ್ಲಿ ಮಾರುವುದಿಲ್ಲವಾದ್ದರಿಂದ ಬಾಗಿಲು, ಲೈಟು, ಬಂಪರ್ ಹುಡುಕುವುದೇ ಕಷ್ಟ. ಎಂಜಿನ್ ಭಾಗಕ್ಕೆ ಆ ಚಿಂತೆ ಇಲ್ಲ.

ರೆನೋದ 1.5 ಡಿಸಿಐ 2012ರಿಂದ ಡಸ್ಟರ್‌ನಲ್ಲಿ 85 ಮತ್ತು 110 ಪಿಎಸ್ (ಎಂಜಿನ್ನಿನ ಶಕ್ತಿಯ ಅಳತೆ) ಎರಡು ರೂಪದಲ್ಲಿ ಬಂತು. ಅದಕ್ಕೂ ಮೊದಲೇ ಲೋಗನ್, ವೆರಿಟೊಗಳಲ್ಲಿ ಇದ್ದದ್ದು. ಮೈಲೇಜಿನಲ್ಲಿ ಮೋಸವಿಲ್ಲ. ಇದಕ್ಕೆ ಟೈಮಿಂಗ್ ಬೆಲ್ಟ್ ಇದೆ ಅನ್ನುವುದನ್ನು ಮರೆಯಬೇಡಿ, ಕೊಳಕು ಡೀಸೆಲ್ ಇದರ ಇಂಜೆಕ್ಟರಿಗೆ ಆಗಿಬರುವುದಿಲ್ಲ. ತೋಟದ ದಾರಿ, ಹಳ್ಳಿ ರಸ್ತೆ ಹೆಚ್ಚಿದ್ದವರಿಗೆ 85 ಪಿಎಸ್ ಸಾಕು, ಕೆಳಗಿನ ಗೇರಿನಲ್ಲಿ ಅದೇ ಸಲೀಸು.

ಫೋಕ್ಸ್‌ವ್ಯಾಗನ್ ಬಳಗದ (ಸ್ಕೋಡಾವೂ ಇದರದ್ದೇ) ಡೀಸೆಲ್ಲುಗಳನ್ನು ಟಿಡಿಐ ಅನ್ನುತ್ತಾರೆ, ಅವುಗಳಲ್ಲಿ ತಲೆಮಾರು ನೋಡಿ ಕೊಳ್ಳಬೇಕು. ಹಳೆಯ ಸ್ಕೋಡಾ ಲಾರಾದ 1.9 ಟಿಡಿಐ ಪಂಪ್ ಡ್ಯೂಸ್ ಮಾದರಿಯದು. ಪ್ರತಿ ಸಿಲಿಂಡರಿಗೆ ಒಂದೊಂದು ಪಂಪು, ಅದನ್ನು ಒತ್ತುವುದು ಕ್ಯಾಮ್‌ಶಾಫ್ಟ್. ಆ ಕ್ಯಾಮಿನ ಮೇಲೆ ಬೀಳುವ ಭಾರ ಹೆಚ್ಚು, ಅದಕ್ಕೇ 505.01 ಅನ್ನುವ ಮಾನದಂಡದ ಆಯಿಲ್ಲೇ ಹಾಕಬೇಕು. ಸಿಕ್ಕ ಆಯಿಲ್ ಸುರಿದ ಗಾಡಿಗಳ ಕ್ಯಾಮ್ ಸವೆದಿರುತ್ತದೆ. ಹಿಂದಿನ ಮಾಲೀಕರ ಹತ್ತಿರ ಆಯಿಲ್ ಬಿಲ್ ಇದ್ದರೆ ಕಣ್ಣುಮುಚ್ಚಿ ಮುಂದಿನ ಮಾತಿಗೆ ಹೋಗಬಹುದು, ಗಟ್ಟಿಮುಟ್ಟಾದ ಎಂಜಿನ್ ಅದು.

2010ರ ಪೋಲೊದ 1.2 ಟಿಡಿಐ ಮೂರು ಸಿಲಿಂಡರಿನದು, 75 ಪಿಎಸ್. ನಡುಕ ಹೆಚ್ಚು, ಐದು ಜನ ಕೂತು ಹೆದ್ದಾರಿಗಿಳಿದರೆ ಏದುಸಿರು ಬಿಡುತ್ತದೆ. ವೆಂಟೊ, ರ‍್ಯಾಪಿಡ್‌ಗಳ 1.6 ಟಿಡಿಐ ನಾಲ್ಕು ಸಿಲಿಂಡರಿನದು, 105 ಪಿಎಸ್, ಓಡಾಟಕ್ಕೆ ಸೊಗಸು. ಇದಕ್ಕೆ ಇಂಜೆಕ್ಟರ್ ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ. 2014ರಲ್ಲಿ ಈ ಎರಡರ ಜಾಗಕ್ಕೂ 1.5 ಟಿಡಿಐ ಬಂತು. ಪೋಲೊದಲ್ಲಿ 90 ಪಿಎಸ್, ವೆಂಟೊ, ರ‍್ಯಾಪಿಡ್‌ಗಳಲ್ಲಿ 105, ಆಮೇಲೆ 110. ದಿನಾ ಬೆಂಗಳೂರಿಗೆ ಹೋಗಿ ಬರುವವರಿಗೆ ನಾನು ಬೇರೆ ಮಾತಿಲ್ಲದೆ ಹೇಳುವ ಎಂಜಿನ್ ಇದು. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂದಾಗ ಈ ಬಳಗದ ಸಣ್ಣ ಡೀಸೆಲ್ಲುಗಳೆಲ್ಲ ನಿಂತವು. ಹಾಗಾಗಿ ಈಗ ಸಿಗುವುದರಲ್ಲಿ ತೀರಾ ಹೊಸದೂ ಐದು ವರ್ಷ ದಾಟಿದ್ದೇ.

2015ರಲ್ಲಿ ಫೋಕ್ಸ್‌ವ್ಯಾಗನ್ನಿನ, ಪರೀಕ್ಷೆಯಲ್ಲಿ ಮಾತ್ರ ಹೊಗೆ ಕಡಿಮೆ ತೋರಿಸುವ ಸಾಫ್ಟ್‌ವೇರ್ ಹಗರಣ ಬಯಲಾಯಿತಲ್ಲ, ಅದು ಇಎ189 ಅನ್ನುವ ಈ ಡೀಸೆಲ್ ಕುಟುಂಬದ್ದೇ. ಭಾರತದಲ್ಲಿ 3,23,700 ಗಾಡಿಗಳನ್ನು ಸಾಫ್ಟ್‌ವೇರ್ ಸರಿಪಡಿಸಲು ವಾಪಸ್ ಕರೆಯುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ಹೇಳಿತು. ನೀವು ನೋಡುತ್ತಿರುವ ಗಾಡಿ 2008ರಿಂದ 2015ರ ನಡುವಿನ ಡೀಸೆಲ್ ಆದರೆ, ಚಾಸಿಸ್ ನಂಬರ್ ಕೊಟ್ಟು ಆ ಕೆಲಸ ಆಗಿದೆಯೇ ಅಂತ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ.

ಇನ್ನು ಪೆಟ್ರೋಲ್. ಪೋಲೊದ 1.2 ಎಂಪಿಐ, ಅಂದರೆ ಸಾದಾ ಪೆಟ್ರೋಲ್ ಎಂಜಿನ್, ಊರೊಳಗಿನ ಓಡಾಟಕ್ಕೆ ಸರಿ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ವೆಂಟೊ, ರ‍್ಯಾಪಿಡ್‌ಗಳ 1.6 ಎಂಪಿಐ ಟರ್ಬೊ ಇಲ್ಲದ, ತಂಟೆ ತಕರಾರಿಲ್ಲದ ನಾಲ್ಕು ಸಿಲಿಂಡರ್. ಮೈಲೇಜ್ ಕಡಿಮೆ ಅನ್ನುವ ಕಾರಣಕ್ಕೆ ಮಾರುಕಟ್ಟೆಯಲ್ಲಿ ಬೆಲೆಯೂ ಕಡಿಮೆ. ವರ್ಷಕ್ಕೆ ಆರೇಳು ಸಾವಿರ ಓಡಿಸುವ ಮನೆಗೆ ಇದಕ್ಕಿಂತ ನೆಮ್ಮದಿಯ ಹಳೆಯ ಯುರೋಪಿಯನ್ ಎಂಜಿನ್ ನನಗೆ ಕಂಡಿಲ್ಲ.

ಟಿಎಸ್ಐ ಅಂದರೆ ಟರ್ಬೊ, ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮುವ ಬಗೆ. ವಾಲ್ವಿನ ಹಿಂಬದಿಯನ್ನು ಪೆಟ್ರೋಲ್ ತೊಳೆಯುವುದಿಲ್ಲವಾದ್ದರಿಂದ ವರ್ಷ ಕಳೆದಂತೆ ಅಲ್ಲಿ ಕಾರ್ಬನ್ ಕೂರುತ್ತದೆ. ಲಾರಾ, 2009ರ ಸೂಪರ್ಬ್‌ಗಳ 1.8 ಟಿಎಸ್ಐ ಓಡಿಸಲು ಬಲು ಖುಷಿ. ಆದರೆ ಆ ಕಾಲದವುಗಳಲ್ಲಿ ಚೈನ್ ಬಿಗಿ ಹಿಡಿಯುವ ಟೆನ್ಷನರ್ ಸೋಲುವುದೂ ಆಯಿಲ್ ಕುಡಿಯುವುದೂ ಲೋಕಕ್ಕೆಲ್ಲ ಗೊತ್ತಿರುವ ದೋಷಗಳು. ಸಾವಿರ ಕಿ.ಮೀ.ಗೆ ಎಷ್ಟು ಆಯಿಲ್ ಟಾಪ್ ಅಪ್ ಮಾಡ್ತೀರಿ ಅಂತ ಮಾಲೀಕರನ್ನೇ ನೇರವಾಗಿ ಕೇಳಿ. ಉತ್ತರಕ್ಕೆ ತಡವರಿಸಿದರೆ ಎದ್ದು ಬನ್ನಿ.

2020ರ ನಂತರದ 1.0 ಟಿಎಸ್ಐ, 2021ರಿಂದ ಕುಶಾಕ್, ಟೈಗುನ್, ಸ್ಲಾವಿಯಾ, ವರ್ಟಸ್‌ಗಳಲ್ಲಿ ಬಂದ 150 ಪಿಎಸ್‌ನ 1.5 ಟಿಎಸ್ಐ, ಎರಡಕ್ಕೂ ಚೈನ್ ಬದಲು ಬೆಲ್ಟ್. ಮನೆ ಮಂದಿಯ ಓಡಾಟಕ್ಕೆ 1.0 ಧಾರಾಳವಾಗಿ ಸಾಕು. 1.5ರಲ್ಲಿ ಭಾರವಿಲ್ಲದಾಗ ಎರಡು ಸಿಲಿಂಡರ್ ತಾವಾಗಿಯೇ ನಿಂತು ಪೆಟ್ರೋಲ್ ಉಳಿಸುತ್ತವೆ, ಹೆದ್ದಾರಿಯಲ್ಲಿ ಅದರ ಪ್ರಯೋಜನ ಕಾಣುತ್ತದೆ. ಪೆಟ್ರೋಲ್ ಕೊಳ್ಳುವವರು ಇ20 ವಿಷಯವನ್ನೂ ನೋಡಿಕೊಳ್ಳಿ. ಬಂಕಿನಲ್ಲಿ ಈಗ ಸಿಗುವುದು 20 ಪಾಲು ಎಥನಾಲ್ ಬೆರೆತದ್ದು. ಎಥನಾಲ್‌ನ ಶಾಖಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಮೈಲೇಜ್ ಇಳಿಯುವುದು ಅದಕ್ಕೇ. 2023ರ ಏಪ್ರಿಲಿಗಿಂತ ಹಳೆಯ ಗಾಡಿಯಾದರೆ ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ಮೂಸಿ, ಮುಟ್ಟಿ ನೋಡಿಸಿ.

ಗೇರ್‌ಬಾಕ್ಸ್ ಬಗ್ಗೆ ಒಂದು ಎಚ್ಚರಿಕೆ

ಎಂಜಿನ್ ಚಿನ್ನದಂಥದ್ದಿದ್ದರೂ ಅದಕ್ಕೆ ಜೋಡಿಸಿದ ಗೇರ್‌ಬಾಕ್ಸ್ ಮನೆ ಹಾಳು ಮಾಡಬಲ್ಲದು. ಡಿಎಸ್‌ಜಿ ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. 7 ಸ್ಪೀಡ್ ಡಿಎಸ್‌ಜಿ, ಅಂದರೆ ಡಿಕ್ಯೂ200, ಒಣ ಕ್ಲಚ್ಚಿನದು. ಟ್ರಾಫಿಕ್ಕಿನಲ್ಲಿ ತೆವಳಿ ತೆವಳಿ ಕ್ಲಚ್ ಸವೆಯುತ್ತದೆ, ಮೆಕಾಟ್ರಾನಿಕ್ಸ್ ಅನ್ನುವ ಅದರ ಮಿದುಳು ಕೈಕೊಟ್ಟರೆ ಖರ್ಚು ಲಕ್ಷದ ಮಾತು. 2013ರ ಆಕ್ಟೇವಿಯಾದಲ್ಲಿ 1.8 ಟಿಎಸ್ಐಗೆ ಇದೇ 7 ಸ್ಪೀಡ್, 2.0 ಟಿಡಿಐಗೆ ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿನ 6 ಸ್ಪೀಡ್. ಎರಡನೆಯದು ಹೆಚ್ಚು ತಾಳಿಕೆಯದು, ಹೊತ್ತಿಗೆ ಸರಿಯಾಗಿ ಅದರ ಆಯಿಲ್ ಬದಲಾಗಿರಬೇಕು ಅಷ್ಟೇ. ಆಟೋಮ್ಯಾಟಿಕ್ ಬೇಕೇ ಬೇಕು, ಭಯವೂ ಬೇಡ ಅಂದರೆ 1.0 ಟಿಎಸ್ಐ ಜೊತೆ ಬರುವ 6 ಸ್ಪೀಡ್ ಟಾರ್ಕ್ ಕನ್ವರ್ಟರ್, ಅಂದರೆ ಕ್ಲಚ್ ಬದಲು ಆಯಿಲಿನ ಮೂಲಕ ಶಕ್ತಿ ಸಾಗಿಸುವ ಬಗೆಯದು, ತಗೊಳ್ಳಿ. 1.5 ಟಿಎಸ್ಐ ಆಟೋಮ್ಯಾಟಿಕ್ ಅಂದರೆ ಮತ್ತೆ ಡಿಎಸ್‌ಜಿಯೇ.

ನಾಲ್ಕನೇ ಹೆಜ್ಜೆ: ಬೆಳಗ್ಗೆ ಏಳಕ್ಕೆ ಹೋಗಿ

ಗಾಡಿ ನೋಡಲು ಸಂಜೆ ಹೋಗಬೇಡಿ. ಬೆಳಗ್ಗೆ ಬರ್ತೀವಿ, ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿರಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಮೊದಲೇ ಓಡಿಸಿದ್ದಾರೆ ಅಂತ ಲೆಕ್ಕ.

ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ಮುಚ್ಚಳ ತಿರುಗಿಸಿ ಒಳಬದಿ ನೋಡಿ. ಮಜ್ಜಿಗೆ ಕಡೆದಾಗ ಏಳುವ ಬೆಣ್ಣೆಯಂತೆ ಬಿಳಿ ಕೆನೆ ಕಟ್ಟಿದ್ದರೆ ಆಯಿಲಿಗೆ ನೀರು ಸೇರಿರಬಹುದು. ಆಮೇಲೆ ಕೂಲೆಂಟ್ ಡಬ್ಬಿ. ನಮ್ಮ ಜಿಲ್ಲೆಯ ಮಟ್ಟಿಗೆ ಇದನ್ನು ನಾನು ಬಹಳ ಗಂಭೀರವಾಗಿ ತಗೊಳ್ಳುತ್ತೇನೆ. ಈ ಬಳಗದ ಕಾರುಗಳಿಗೆ ಗುಲಾಬಿ, ನೇರಳೆ ಬಣ್ಣದ ಕೂಲೆಂಟ್ ಬರುತ್ತದೆ. ಕಡಿಮೆಯಾದಾಗ ಬೋರ್‌ವೆಲ್ ನೀರು ತುಂಬಿಸಿ ಓಡಿಸಿದ್ದರೆ ಡಬ್ಬಿಯ ಒಳಗೋಡೆ ಕಂದು ಬಣ್ಣಕ್ಕೆ ತಿರುಗಿ, ಕೈಗೆ ಮರಳಿನಂಥ ಪುಡಿ ಹತ್ತುತ್ತದೆ. ಮನೆಯ ಗೀಸರ್ ಕಾಯಿಲಿನ ಮೇಲೆ ಕಟ್ಟುವ ಸುಣ್ಣದ ಪದರ ನೋಡಿದ್ದೀರಲ್ಲ, ರೇಡಿಯೇಟರ್ ಒಳಗೂ ಅದೇ ಕಟ್ಟುವುದು. ಪ್ಲಾಸ್ಟಿಕ್ಕಿನ ಥರ್ಮೋಸ್ಟಾಟ್ ಹೌಸಿಂಗ್, ವಾಟರ್ ಪಂಪ್ ಸುತ್ತ ಒಣಗಿದ ಗುಲಾಬಿ ಕಲೆ ಇದೆಯೇ ಅಂತ ಟಾರ್ಚ್ ಹಾಕಿ ಹುಡುಕಿ.

ಈಗ ಸ್ಟಾರ್ಟ್ ಮಾಡಿಸಿ, ನೀವು ಎಂಜಿನ್ ಪಕ್ಕ ನಿಲ್ಲಿ. ಚೈನ್ ಇರುವ ಎಂಜಿನ್ನಿನಲ್ಲಿ ಮೊದಲ ಎರಡು ಮೂರು ಸೆಕೆಂಡು ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದಂತೆ ಸದ್ದು ಬಂದು ನಿಂತರೆ ಚೈನ್ ಅಥವಾ ಟೆನ್ಷನರ್ ಅನುಮಾನ. ಸೈಲೆನ್ಸರ್ ಕಡೆಗೆ ಒಬ್ಬರನ್ನು ನಿಲ್ಲಿಸಿ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಜೊತೆಗೆ ಸಿಹಿ ವಾಸನೆ ಅಂದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಡೀಸೆಲಿನಲ್ಲಿ ರೇಸ್ ಕೊಟ್ಟಾಗ ದಟ್ಟ ಕಪ್ಪು ಹೊಗೆ ಅಂದರೆ ಇಂಜೆಕ್ಟರ್, ಟರ್ಬೊ, ಇಜಿಆರ್ ಮೂರನ್ನೂ ನೋಡಿಸಬೇಕು.

ಐದನೇ ಹೆಜ್ಜೆ: ದೇವರಾಯನದುರ್ಗ ಹತ್ತಿಸಿ

ಗಲ್ಲಿಯಲ್ಲಿ ಒಂದು ಸುತ್ತು ಹೊಡೆದು ಬಂದರೆ ಏನೂ ಗೊತ್ತಾಗುವುದಿಲ್ಲ. ತುಮಕೂರಿನವರಿಗೆ ಪರೀಕ್ಷೆಯ ಜಾಗ ದೇವರೇ ಕೊಟ್ಟಿದ್ದಾನೆ. ಮೊದಲು ರಾಷ್ಟ್ರೀಯ ಹೆದ್ದಾರಿ 48ಕ್ಕಿಳಿದು 80ರಲ್ಲಿ ಮೇಲಿನ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮೇಲೇರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಟರ್ಬೊ ಎಳೆತ 2,000ದ ಹತ್ತಿರ ಹದವಾಗಿ ಬರಬೇಕು. ಪೊಲೀಸ್ ಸೈರನ್ ಥರ ಕೂಗಿದರೆ ಬೇರಿಂಗ್ ಸವೆದಿರಬಹುದು.

ಆಮೇಲೆ ದುರ್ಗದ ದಾರಿ. ವಾರದ ದಿನ ಹೋಗಿ, ಭಾನುವಾರ ಜನಜಂಗುಳಿ. ಭೋಗ ನರಸಿಂಹನ ಗುಡಿ ದಾಟಿ ಮೇಲಕ್ಕೇರುವ ತಿರುವುಗಳಲ್ಲಿ ಎಸಿ ಹಾಕಿಕೊಂಡು, ನಾಲ್ಕು ಜನ ಕೂತು ಎರಡನೇ ಗೇರಿನಲ್ಲಿ ಹತ್ತಿಸಿ. ಟೆಂಪರೇಚರ್ ಮುಳ್ಳು ನಡುವಿನಿಂದ ಕದಲಬಾರದು. ಡಿಎಸ್‌ಜಿಯಾದರೆ ಏರಿನಲ್ಲಿ ನಿಲ್ಲಿಸಿ ನಿಧಾನ ಹೊರಡಿಸಿ, ರಿವರ್ಸ್ ಕೂಡ ಹತ್ತಿಸಿ. ಗಡಗಡ ನಡುಗಿದರೆ ಆ ಗಾಡಿ ಬೇಡ. ಮೇಲೆ ನಿಲ್ಲಿಸಿ ಎರಡು ನಿಮಿಷ ಐಡಲ್ ಬಿಟ್ಟು ಕೆಳಗೆ ಬಗ್ಗಿ ನೋಡಿ. ಎಸಿ ನೀರಿನ ಹನಿ ಸಹಜ, ಬೆರಳಿಗೆ ಜಿಡ್ಡು ಹತ್ತುವ ಹನಿ ಸಹಜವಲ್ಲ.

ಸ್ಕ್ಯಾನರ್, ಆಮೇಲೆ ಕಾಗದ

ಬಿಸಿ ಎಂಜಿನ್ನಿನಲ್ಲೇ ಗ್ಯಾರೇಜಿಗೆ ಬಂದು ಸ್ಕ್ಯಾನ್ ಮಾಡಿಸಿ. ಫಾಲ್ಟ್ ಕೋಡ್ ಒಂದೂ ಇಲ್ಲ ಅಂತ ಖುಷಿಪಡುವ ಮುಂಚೆ, ಕೋಡ್ ಅಳಿಸಿ ಎಷ್ಟು ಕಿ.ಮೀ. ಆಯಿತು ಅನ್ನುವುದನ್ನೂ ಓದಿಸಿ. ನಿನ್ನೆ ಅಳಿಸಿದ್ದರೆ ಅಲ್ಲಿ ಗೊತ್ತಾಗುತ್ತದೆ. ಡೀಸೆಲ್ ಆದರೆ ಇಂಜೆಕ್ಟರ್ ಕರೆಕ್ಷನ್ ಅಂಕಿಗಳನ್ನು ನೋಡಿಸಿ. ಒಂದು ಸಿಲಿಂಡರಿನದು ಮಾತ್ರ ಉಳಿದವುಗಳಿಂದ ದೂರ ಸರಿದಿದ್ದರೆ ಮುಂದಿನ ಖರ್ಚು ಅಲ್ಲಿದೆ.

ಆರ್‌ಸಿಯಲ್ಲಿರುವ ಎಂಜಿನ್ ನಂಬರನ್ನು ಎಂಜಿನ್ ಮೇಲಿನ ಕೊರೆತದ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ. ಸಾಲದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30. ಕೆಎ 06, ಕೆಎ 44, ಕೆಎ 64 ನಮ್ಮ ಜಿಲ್ಲೆಯವೇ. ಡೆಲ್ಲಿ ಡೀಸೆಲ್ ಅಗ್ಗಕ್ಕೆ ಬಂದಿದೆ ಅಂತ ಯಾರಾದರೂ ತೋರಿಸಿದರೆ, ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಓಡಿಸುವಂತಿಲ್ಲ ಅನ್ನುವ ಕಟ್ಟಳೆ ತಂದಿದ್ದರಿಂದ ಅವು ಇತ್ತ ಬಂದವು ಅನ್ನುವುದು ನೆನಪಿರಲಿ. ಇಲ್ಲಿ ತೆರಿಗೆ ಕಟ್ಟಿ ನೋಂದಣಿ ಮಾಡಿಸುವಷ್ಟರಲ್ಲಿ ಅಗ್ಗ ಅಗ್ಗವಾಗಿ ಉಳಿಯುವುದಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. 2012ರ ಗಾಡಿ ಅಂದರೆ 2027ಕ್ಕೆ ನವೀಕರಣ.

ಕೊನೆಯ ಹೆಜ್ಜೆ: ಕೊಂಡ ವಾರದಲ್ಲೇ ಮಾಡಿಸುವ ಕೆಲಸ

ಬೆಲೆ ಮಾತಾಡುವಾಗ ಕೈಯಲ್ಲಿರುವ ದುಡ್ಡಿನ ಹತ್ತರಲ್ಲೊಂದು ಪಾಲನ್ನು ಜೇಬಿನಲ್ಲೇ ಉಳಿಸಿಕೊಳ್ಳಿ. ಐದು ಲಕ್ಷ ಇದ್ದರೆ ನಾಲ್ಕೂವರೆಯ ಗಾಡಿ ನೋಡಿ. ಎಂಜಿನ್ ಆಯಿಲ್, ಎಲ್ಲ ಫಿಲ್ಟರ್, ಕೂಲೆಂಟ್ ಬದಲಾಗಲಿ. ಬೆಲ್ಟ್ ಬದಲಾಯಿಸಿದ್ದಕ್ಕೆ ಬಿಲ್ ಇಲ್ಲದಿದ್ದರೆ, ಬಾಯಿಮಾತಿನಲ್ಲಿ ಯಾರು ಏನೇ ಹೇಳಲಿ, ಬದಲಾಗಿಲ್ಲ ಅಂತಲೇ ತಿಳಿದು ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಹಾಕಿಸಿ. ಬಿಲ್ ಇದ್ದರೆ ಮ್ಯಾನ್ಯುಯಲ್ ಹೇಳುವ ಕಿ.ಮೀ. ಮತ್ತು ವರ್ಷ, ಯಾವುದು ಮೊದಲು ಬರುತ್ತದೋ ಅದಕ್ಕೆ ಮಾಡಿಸಿ.

ಭಾವನ ಗಾಡಿ ರಿಪೇರಿಯಾಗಿ ಈಗ ಚೆನ್ನಾಗಿಯೇ ಓಡುತ್ತಿದೆ. ಆವತ್ತು ಆ ಮೆಕ್ಯಾನಿಕ್ ಒಂದು ಬಿಳಿ ಸ್ಟಿಕರ್ ಮೇಲೆ ಹೊಸ ಬೆಲ್ಟ್ ಹಾಕಿದ ತಾರೀಖು, ಮೀಟರಿನ ಕಿ.ಮೀ. ಎರಡನ್ನೂ ಬಾಲ್‌ಪೆನ್ನಿನಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿದರು. ತಿಪಟೂರಿಗೆ ಹೋದಾಗಲೆಲ್ಲ ಭಾವ ಬಾನೆಟ್ ಎತ್ತಿ ಆ ಚೀಟಿ ತೋರಿಸುತ್ತಾರೆ, ನಾನು ಮೀಟರ್ ನೋಡಿ ಇನ್ನೆಷ್ಟು ಸಾವಿರ ಉಳಿದಿದೆ ಅಂತ ಹೇಳುತ್ತೇನೆ.